ಸರದಿ, ಪಾಲು, ಹಗ್ಗ: ಕೂಡುಬಾಳ್ವೆಯ ಕಲಾಕೃತಿಗೆ ಪರಿಕಲ್ಪನೆ ಕಟ್ಟುವ ಬಗೆ

ಶಾಲೆಯ ವಾರ್ಷಿಕೋತ್ಸವ, ಎನ್‌ಎಸ್‌ಎಸ್ ಶಿಬಿರ, ಯುವಕ ಸಂಘದ ಹಬ್ಬ, ಕಲಾಶಾಲೆಯ ಕೊನೆಯ ವರ್ಷದ ಪ್ರದರ್ಶನ. ಇವುಗಳಲ್ಲಿ ಎಲ್ಲಾದರೂ ಒಂದು ಕಡೆ ಈ ಕೆಲಸ ನಿಮ್ಮ ಹೆಗಲಿಗೆ ಬಿದ್ದಿರುತ್ತದೆ: "ಸಹಬಾಳ್ವೆ ಬಗ್ಗೆ ಏನಾದರೂ ಮಾಡಿ. ಬರೀ ನೋಡಿ ಹೋಗುವುದು ಬೇಡ, ಜನರೂ ಕೈಹಾಕುವಂತಿರಲಿ." ಒಪ್ಪಿಕೊಂಡು ಮನೆಗೆ ಬಂದು ಕೂತರೆ ತಲೆಗೆ ಹೊಳೆಯುವುದು ಮೂರೋ ನಾಲ್ಕೋ ಚಿತ್ರ. ಗೋಡೆ ತುಂಬ ಅಂಗೈ ಅಚ್ಚು. ಎಲೆಗಳ ಮೇಲೆ ಹೆಸರು ಬರೆದು ಅಂಟಿಸುವ ಮರ. ಥರ್ಮಾಕೋಲಿನಲ್ಲಿ ಕೆತ್ತಿದ ಕೈ ಕೈ ಹಿಡಿದ ಮನುಷ್ಯರು, ಅದರ ಪಕ್ಕದಲ್ಲಿ ಸೆಲ್ಫಿಗೊಂದು ಚೌಕಟ್ಟು.

ಇವು ಯಾಕೆ ಮನಸ್ಸಿಗೆ ಹಿಡಿಸುವುದಿಲ್ಲ? ಅಂಗೈ ಒತ್ತಿ ಹೋದವನಿಗೂ ಮುಂದೆ ಬಂದು ಒತ್ತುವವಳಿಗೂ ನಡುವೆ ಏನೂ ನಡೆಯುವುದಿಲ್ಲ. ನೂರು ಜನ ಒಬ್ಬೊಬ್ಬರಾಗಿ ಬಂದು ಒಬ್ಬೊಬ್ಬರಾಗಿಯೇ ಹೋಗುತ್ತಾರೆ. ಕೂಡಿ ಬಾಳುವುದು ಹಾಗಿರುವುದಿಲ್ಲ. ಅಲ್ಲಿ ಯಾವಾಗಲೂ ಎರಡು ಪ್ರಶ್ನೆ ಎದುರಿಗಿರುತ್ತವೆ: ಈಗ ಯಾರ ಸರದಿ? ಇದರಲ್ಲಿ ಯಾರ ಪಾಲು ಎಷ್ಟು? ಈ ಎರಡೂ ಇಲ್ಲದ ಕಲಾಕೃತಿ ಐಕ್ಯತೆಯ ಭಿತ್ತಿಪತ್ರ ಆದೀತೇ ಹೊರತು ಕೂಡುಬಾಳ್ವೆಯ ಕಲಾಕೃತಿ ಆಗದು. ಈ ಲೇಖನ ಆ ಎರಡು ಪ್ರಶ್ನೆಗಳಿಂದ ಪರಿಕಲ್ಪನೆಯೊಂದನ್ನು ಹೇಗೆ ಕಟ್ಟಬಹುದು ಎಂಬುದರ ಬಗ್ಗೆ.

ಉದಾಹರಣೆಗೆ ಮದ್ದೂರನ್ನು ಇಟ್ಟುಕೊಳ್ಳುತ್ತೇನೆ. ಮಂಡ್ಯ ಜಿಲ್ಲೆಯ ಮದ್ದೂರಲ್ಲ, ಚಾಮರಾಜನಗರ ಜಿಲ್ಲೆಯದು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ, ಬಂಡೀಪುರದ ಅಂಚಿನಲ್ಲಿ, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇರುವ ಮದ್ದೂರು. ಹೊಲ, ಕಾಡು, ಆದಿವಾಸಿ ಕಾಲೋನಿ, ಹೆದ್ದಾರಿ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುವ ಇಂಥ ಕಡೆ 'ನಾವೆಲ್ಲ ಒಂದು' ಎಂದು ಬರೆದು ನೇತುಹಾಕಿದರೆ ಸಾಲದು ಎನ್ನುವುದು ಬೇಗ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ

ನೋಡುಗರೇ ಸೇರಿ ಪೂರ್ತಿ ಮಾಡುವ ಕಲೆಯನ್ನು ಪರದೇಶದ ಸರಕು ಎಂದುಕೊಳ್ಳುವವರಿದ್ದಾರೆ. ಥಾಯ್ಲೆಂಡ್ ಮೂಲದ ಕಲಾವಿದ ರಿರ್ಕ್ರಿತ್ ತಿರಾವನಿಜಾ 1992ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ಅಡುಗೆ ಮಾಡಿ, ಬಂದವರಿಗೆಲ್ಲ ಬಡಿಸಿ, ಆ ಊಟವನ್ನೇ ಕಲಾಕೃತಿ ಎಂದದ್ದು ಪಠ್ಯಪುಸ್ತಕದ ಉದಾಹರಣೆಯಾಗಿದೆ. ನಮಗೆ ಹತ್ತಿರದವರು ಮೈಸೂರಿನ ಎನ್.ಎಸ್. ಹರ್ಷ. ಸಾಲಾಗಿ ಕೂತು ಉಣ್ಣುವವರು, ಸಾಲಾಗಿ ಮಲಗಿದವರು ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. 2008ರಲ್ಲಿ ಟೋಕಿಯೊದಲ್ಲಿ ಅವರು ಬಾಳೆಎಲೆಯ ಪಂಕ್ತಿ ಊಟ ಮುಗಿದ ಮೇಲಿನ ನೋಟವನ್ನೇ ಪ್ರತಿಷ್ಠಾಪನಾ ಕಲಾಕೃತಿಯಾಗಿ ಹರಡಿದ್ದರು.

ಇವೆರಡಕ್ಕಿಂತ ಹಳೆಯದು ನಮ್ಮದೇ ಜಿಲ್ಲೆಯ ಚಿಕ್ಕಲ್ಲೂರು ಜಾತ್ರೆಯಲ್ಲಿದೆ. ಸಿದ್ದಪ್ಪಾಜಿಯ ನೆಲೆಯಾದ ಅಲ್ಲಿ ಬನದ ಹುಣ್ಣಿಮೆಯ ರಾತ್ರಿ ಬಿದಿರು, ಬಟ್ಟೆಗಳಿಂದ ಕಟ್ಟಿದ ಚಂದ್ರಮಂಡಲಕ್ಕೆ ಬೆಂಕಿ ಹೊತ್ತಿಸುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ವಾಲಿತೋ ಆ ಕಡೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆ ಎಂಬುದು ನಂಬಿಕೆ. ನೆರೆದ ಸಾವಿರಾರು ಜನ ಅದನ್ನು ಸುಮ್ಮನೆ ನೋಡುವುದಿಲ್ಲ. ತಮ್ಮ ಊರಿನ ದಿಕ್ಕಿಗೆ ಅದು ಹೇಗೆ ಉರಿಯಿತು ಎಂದು ಓದುತ್ತಾರೆ, ವಾದಿಸುತ್ತಾರೆ. ಅದೇ ಜಾತ್ರೆಯಲ್ಲಿ ಪಂಕ್ತಿಸೇವೆಯ ದಿನ ಬರುತ್ತದೆ. ಜಾತಿ ಎಣಿಸದೆ ಸಾಲಿನಲ್ಲಿ ಕೂತು ಉಣ್ಣುವುದು ಅದರ ತಿರುಳು. ಸೇರಿ ಕಟ್ಟುವುದು, ಸೇರಿ ನೋಡುವುದು, ಸೇರಿ ಉಣ್ಣುವುದು ಎಲ್ಲ ಅಲ್ಲಿದೆ. ನೀವು ಕಲಿಯಬೇಕಾದ ವ್ಯಾಕರಣ ಇಷ್ಟು ಹತ್ತಿರದಲ್ಲಿದ್ದ ಮೇಲೆ ಇಂಟರ್‌ನೆಟ್ಟಿನ ಚಿತ್ರಗಳನ್ನು ಹುಡುಕುತ್ತ ವಾರ ಕಳೆಯಬೇಕಿಲ್ಲ.

ಯಾವುದು ಕೆಲಸ ಮಾಡುತ್ತದೆ, ಯಾಕೆ

ಜನ ಕೈಹಾಕುವ ಕಲಾಕೃತಿ ಜೀವ ತಳೆಯಲು ಮೂರು ಗುಣ ಬೇಕು.

ಮೊದಲನೆಯದು, ಅದನ್ನು ಒಬ್ಬರೇ ಮಾಡಲು ಆಗಬಾರದು. 'ಮಾಡಬಾರದು' ಎಂಬ ಸೂಚನೆ ಹಾಕಿದರೆ ಯಾರೂ ಕೇಳುವುದಿಲ್ಲ. ಇನ್ನೊಬ್ಬರು ಬಂದು ಹಿಡಿಯುವವರೆಗೆ ಕೆಲಸ ಮುಂದೆ ಸಾಗಲೇಬಾರದು. ಆಗ ಅಪರಿಚಿತರಿಬ್ಬರು ಮಾತಾಡಲೇಬೇಕಾಗುತ್ತದೆ. "ಅಣ್ಣ, ಆ ಕಡೆ ಸ್ವಲ್ಪ ಹಿಡ್ಕೊಳ್ಳಿ" ಎಂಬ ಒಂದು ಮಾತು ಹುಟ್ಟಿದರೆ ನಿಮ್ಮ ಅರ್ಧ ಕೆಲಸ ಆಯಿತು.

ಎರಡನೆಯದು, ಮಾಡಿದ್ದು ಉಳಿಯಬೇಕು, ಮುಂದೆ ಬರುವವರಿಗೆ ಅದು ಎದುರಾಗಬೇಕು. ಬೆಳಿಗ್ಗೆ ಬಂದವರು ಚೆನ್ನಾಗಿ ಮಾಡಿದ್ದರೆ ಮಧ್ಯಾಹ್ನದವರಿಗೆ ಹಗುರ. ಕೆಡಿಸಿದ್ದರೆ ಮಧ್ಯಾಹ್ನದವರು ಸರಿಮಾಡಬೇಕು.

ಮೂರನೆಯದು, ಕೊನೆಯಲ್ಲಿ ಪಾಲು ಆಗಬೇಕು. ಕೊಟ್ಟವರಿಗೆ ಏನೋ ಮರಳಿ ಬರಬೇಕು, ಆದರೆ ಕೊಟ್ಟದ್ದೇ ಮರಳಬಾರದು. ಅದರಲ್ಲಿ ಬೇರೆಯವರದೂ ಸೇರಿರಬೇಕು.

ಹಿಂದೆ ನಮ್ಮ ಸೀಮೆಯಲ್ಲಿ ಇದ್ದ ಮುಯ್ಯಾಳು ಪದ್ಧತಿಯಲ್ಲಿ ಈ ಮೂರೂ ಇದ್ದವು. ನಿಮ್ಮ ಹೊಲದ ಕಳೆಗೆ ನಾವು ಬರುತ್ತೇವೆ, ನಮ್ಮ ಹೊಲದ ಕೊಯ್ಲಿಗೆ ನೀವು ಬನ್ನಿ. ಕೂಲಿ ಲೆಕ್ಕ ಇಲ್ಲ, ಆದರೆ ಲೆಕ್ಕವೇ ಇಲ್ಲ ಎಂದಲ್ಲ. ಯಾರು ಬಂದರು, ಯಾರು ತಪ್ಪಿಸಿಕೊಂಡರು ಎನ್ನುವುದು ಎಲ್ಲರ ನೆನಪಿನಲ್ಲಿ ಇರುತ್ತಿತ್ತು. ಕೂಡುಬಾಳ್ವೆಯ ಪ್ರೀತಿ ಹೇಗೋ ಅದರ ಕಟ್ಟುನಿಟ್ಟೂ ಹಾಗೆ. ಎರಡೂ ನಿಮ್ಮ ಕಲಾಕೃತಿಯೊಳಗೆ ಬರಬೇಕು.

ಪರಿಕಲ್ಪನೆ ಕಟ್ಟುವ ಹಂತಗಳು

1. ಹಂಚಿಕೊಂಡ ಒಂದೇ ಒಂದು ವಸ್ತು ಅಥವಾ ಕೆಲಸ ಆರಿಸಿ. 'ಗ್ರಾಮಜೀವನ' ಬೇಡ, 'ಸಮುದಾಯ' ಬೇಡ. ಬೀದಿಯ ನಲ್ಲಿ, ಬೆಳಿಗ್ಗೆ ಹಾಲಿನ ಡೇರಿ ಮುಂದಿನ ಸಾಲು, ಮಾರಿಹಬ್ಬದ ವಂತಿಗೆ, ಅರಳಿಕಟ್ಟೆ, ಎರಡು ಮನೆ ನಡುವಿನ ಗೋಡೆ, ರಾತ್ರಿ ಬೆಳೆ ಕಾಯುವ ಅಟ್ಟಣೆ. ಒಂದು ಸಾಕು.

2. ಅದರ ಬಗ್ಗೆ ಜನರನ್ನು ಕೇಳಿ. ಇಲ್ಲಿ ಆತುರ ಮಾಡಬೇಡಿ, ಪರಿಕಲ್ಪನೆ ಹುಟ್ಟುವುದು ಇಲ್ಲೇ. 'ನಿಮ್ಮೂರಲ್ಲಿ ಒಗ್ಗಟ್ಟು ಹೇಗಿದೆ' ಎಂದು ಕೇಳಿದರೆ 'ಚೆನ್ನಾಗದೆ' ಎಂದು ಮುಗಿಸುತ್ತಾರೆ. ಸಣ್ಣದನ್ನು ಕೇಳಿ. ನಲ್ಲಿಯಲ್ಲಿ ಮೊದಲ ಕೊಡ ಯಾರದು? ತಡವಾಗಿ ಬಂದವರ ಕೊಡವನ್ನು ಸಾಲಿನಲ್ಲಿ ಇಟ್ಟುಕೊಳ್ಳುವವರು ಯಾರು? ವಂತಿಗೆ ಕೊಡಲಾಗದ ಮನೆಯವರು ಏನು ಮಾಡುತ್ತಾರೆ? ಕೊನೆಯ ಬಾರಿ ಜಗಳ ಆದದ್ದು ಯಾತಕ್ಕೆ, ನಿಂತದ್ದು ಹೇಗೆ? ಯಾರು ಈ ಸಾಲಿಗೆ ಬರುವುದೇ ಇಲ್ಲ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ನಮ್ಮ ಹಳ್ಳಿಗಳಲ್ಲಿ ಊರು ಬೇರೆ, ಕೇರಿ ಬೇರೆ. ಒಂದು ಬೀದಿಯ ಕೂಡುಬಾಳ್ವೆ ಇನ್ನೊಂದು ಬೀದಿಯನ್ನು ಹೊರಗಿಟ್ಟು ನಡೆದದ್ದಿದೆ. ಇದನ್ನು ಮುಚ್ಚಿಟ್ಟು ಮಾಡಿದ ಕಲಾಕೃತಿ ಎಷ್ಟೇ ಚಂದ ಇರಲಿ, ಹೊರಗುಳಿದವರ ಕಣ್ಣಿಗೆ ಅದು ಇನ್ನೊಂದು ಬೇಲಿಯಂತೆಯೇ ಕಾಣುತ್ತದೆ.

3. ಕೈಯಿಂದ ಮಾಡುವ ಒಂದು ಕೆಲಸ ಹುಡುಕಿ. ಸುರಿಯುವುದು, ಕಟ್ಟುವುದು, ಹೊಸೆಯುವುದು, ಹೊರುವುದು, ಬೀಸುವುದು, ಹಾಸುವುದು. ಬರೆಯುವುದನ್ನು ಆರಿಸಬೇಡಿ. ಅಕ್ಷರ ಬಾರದವರು ಅಲ್ಲಿಯೇ ಹಿಂದೆ ಸರಿಯುತ್ತಾರೆ, ಅಕ್ಷರ ಬಲ್ಲವರೆಲ್ಲ ಅದೇ ನಾಲ್ಕು ಮಾತು ಬರೆಯುತ್ತಾರೆ.

4. ಇಡೀ ಪರಿಕಲ್ಪನೆಯನ್ನು ಈ ಅಚ್ಚಿನಲ್ಲಿ ಕೂರಿಸಿ ನೋಡಿ: "ಬಂದವರು ಇದನ್ನು ಮಾಡುತ್ತಾರೆ. ಅದರಿಂದ ಇದು ಬದಲಾಗುತ್ತದೆ. ಆ ಬದಲಾವಣೆ ಮುಂದೆ ಬರುವವರಿಗೆ ಹೀಗೆ ತಟ್ಟುತ್ತದೆ. ಕೊನೆಯಲ್ಲಿ ಇದು ಇವರಿಗೆ ಸೇರುತ್ತದೆ." ನಾಲ್ಕರಲ್ಲಿ ಒಂದು ಖಾಲಿ ಉಳಿದರೂ ಪರಿಕಲ್ಪನೆ ಇನ್ನೂ ಹಣ್ಣಾಗಿಲ್ಲ ಎಂದೇ ಅರ್ಥ. ಅಂಗೈ ಅಚ್ಚಿನ ಗೋಡೆಯನ್ನು ಇದರಲ್ಲಿ ಕೂರಿಸಿ ನೋಡಿ, ಮೂರನೆಯದೂ ನಾಲ್ಕನೆಯದೂ ಖಾಲಿ.

5. ತಪ್ಪಿಸಿಕೊಳ್ಳುವವರಿಗೂ ಕೆಡಿಸುವವರಿಗೂ ಜಾಗ ಇಡಿ. ಒಬ್ಬ ಸರದಿ ಮುರಿದರೆ ಏನಾಗುತ್ತದೆ? ಒಬ್ಬಳು ಕೊಡದೆ ಪಾಲು ಕೇಳಿದರೆ? ಇದಕ್ಕೆ ನಿಯಮ ನೀವು ಬರೆಯುವುದಲ್ಲ. ಎರಡನೇ ಹಂತದಲ್ಲಿ ಜನ ಹೇಳಿದ ಪರಿಹಾರ ಇರುತ್ತದಲ್ಲ, ಅದನ್ನೇ ತನ್ನಿ.

6. ವಸ್ತುವನ್ನು ಅಲ್ಲಿಂದಲೇ ಆರಿಸಿ. ಪಕ್ಕದ ನೀಲಗಿರಿಯ ಗೂಡಲೂರಿನಲ್ಲಿ ಆದಿವಾಸಿ ಕುಶಲಕರ್ಮಿಗಳು ಲಂಟಾನ ಕಡ್ಡಿಗಳಿಂದ ಕಟ್ಟಿದ ನಿಜಗಾತ್ರದ ಆನೆಗಳು 2024ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಿಂತಿದ್ದವು. ಕಾಡನ್ನು ಆವರಿಸಿ ಆನೆಯ ಮೇವನ್ನು ನುಂಗಿದ ಗಿಡದಿಂದಲೇ ಆನೆ. ಫಲಕದ ಅಗತ್ಯವೇ ಇಲ್ಲದಂತೆ ವಸ್ತುವೇ ವಿಷಯ ಹೇಳುತ್ತಿತ್ತು. ಬಂಡೀಪುರದಲ್ಲೂ ಲಂಟಾನ ಬೇಕಾದಷ್ಟಿದೆ, ಆದರೆ ಮೀಸಲು ಅರಣ್ಯದೊಳಗಿಂದ ಒಂದು ಕಡ್ಡಿ ತರಲೂ ಇಲಾಖೆಯ ಅನುಮತಿ ಬೇಕು.

7. ಜಗಲಿಯ ಮೇಲೆ ನಾಲ್ಕೈದು ಜನರ ಜೊತೆ ಪರೀಕ್ಷಿಸಿ. ಮುಖ್ಯವಾಗಿ, ನೀವು ಬಾಯಿ ಬಿಡಬೇಡಿ. ವಿವರಿಸದೆ ಜನಕ್ಕೆ ತಾನಾಗಿ ತಿಳಿಯದಿದ್ದರೆ ಬದಲಿಸಬೇಕಾದ್ದು ಕಲಾಕೃತಿಯನ್ನು, ಫಲಕದ ಬರಹವನ್ನಲ್ಲ.

ಒಂದು ಪರಿಕಲ್ಪನೆ ಪೂರ್ತಿಯಾಗಿ: ಮನೆಮನೆಯ ಬಟ್ಟೆಯ ಹಗ್ಗ

ಮದ್ದೂರಿನಂಥ ಊರಿಗೆ ನಾನು ಆರಿಸುವುದು ಹಗ್ಗ ಹೊಸೆಯುವುದನ್ನು. ಕತ್ತಾಳೆ ನಾರು ನೆನೆಹಾಕಿ, ಬಡಿದು, ದನಕ್ಕೆ ಕಣ್ಣಿ, ಮೂಗುದಾರ ಹೊಸೆದ ಕೈಗಳು ಹಿರಿಯರಲ್ಲಿ ಇನ್ನೂ ಇವೆ. ನೈಲಾನ್ ಬಂದ ಮೇಲೆ ಆ ಕೆಲಸ ನಿಂತಿತು, ಕೈಗಳು ಮರೆತಿಲ್ಲ. ಕಲಿಸುವವರು ಊರವರೇ ಆಗುತ್ತಾರೆ ಎಂಬುದು ಇದರ ಮೊದಲ ಲಾಭ.

ಎರಡನೆಯದು ಹಗ್ಗದ ಒಳಗಿನ ಬಲ. ಒಂದೊಂದು ಎಳೆಯನ್ನೂ ಬೇರೆಬೇರೆಯಾಗಿ ಬಲಕ್ಕೆ ತಿರುಚುತ್ತೀರಿ. ಬಿಟ್ಟರೆ ಅದು ಎಡಕ್ಕೆ ಬಿಚ್ಚಿಕೊಳ್ಳಲು ನೋಡುತ್ತದೆ. ಅಂಥ ಮೂರು ಎಳೆಗಳನ್ನು ಜೋಡಿಸಿದರೆ ಬಿಚ್ಚಿಕೊಳ್ಳುವ ಅದೇ ತವಕದಲ್ಲಿ ಒಂದನ್ನೊಂದು ಸುತ್ತಿ ಎಡಕ್ಕೆ ಹೆಣೆದುಕೊಳ್ಳುತ್ತವೆ. ಎಳೆದಷ್ಟೂ ಒಂದನ್ನೊಂದು ಬಿಗಿಯುತ್ತವೆ. ಎಳೆಗಳು ತಮ್ಮ ತಿರುವನ್ನು ಬಿಟ್ಟುಕೊಟ್ಟು ಹಗ್ಗವಾಗುವುದಿಲ್ಲ, ಅದನ್ನು ಉಳಿಸಿಕೊಂಡೇ ಆಗುತ್ತವೆ. ಕೂಡಿ ಬಾಳುವ ಬಗ್ಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಗೊತ್ತಿಲ್ಲ, ಅದನ್ನು ಫಲಕದಲ್ಲಿ ಬರೆಯದೆ ಬಂದವರ ಕೈಗೇ ಬಿಡಬಹುದು.

ಬೇಕಾಗುವುದು: ಮೂರು ತೂತು ಕೊರೆದ ಎರಡು ಹಲಗೆ. ವೆಲ್ಡಿಂಗ್ ಅಂಗಡಿಯಲ್ಲಿ ಬಗ್ಗಿಸಿದ ಮೂರು ಕಬ್ಬಿಣದ ಸರಳು, ಒಂದು ತುದಿಗೆ ಕೊಕ್ಕೆ, ಇನ್ನೊಂದು ತುದಿಗೆ ಹಿಡಿಕೆಯಂಥ ಬಾಗು. ಒಂದು ಹಲಗೆ ಗಟ್ಟಿಯಾಗಿ ನೆಟ್ಟ ಗೂಟಕ್ಕೆ. ಇನ್ನೊಂದನ್ನು ಹಿಡಿಕೆಗಳಿಗೆ ಪೋಣಿಸಿ ವೃತ್ತಾಕಾರದಲ್ಲಿ ಆಡಿಸಿದರೆ ಮೂರೂ ಕೊಕ್ಕೆ ಒಟ್ಟಿಗೆ ತಿರುಗುತ್ತವೆ. ಎದುರು ತುದಿಗೆ ತನ್ನಷ್ಟಕ್ಕೆ ತಿರುಗಬಲ್ಲ ಒಂದೇ ಕೊಕ್ಕೆ, ಅದನ್ನು ಹಿಡಿಯಲು ಒಂದು ಮರದ ಹಿಡಿ. ಎಳೆಗಳ ನಡುವೆ ಇಡಲು ಮೂರು ತೋಡು ಕೊರೆದ, ಗೋಪುರದ ಆಕಾರದ ಮರದ ತುಂಡು.

ಬಟ್ಟೆಯ ಲೆಕ್ಕ: ಐದೂವರೆ ಮೀಟರಿನ ಸೀರೆಯನ್ನು ಉದ್ದಕ್ಕೆ ಮೂರಿಂಚು ಅಗಲದ ಪಟ್ಟಿಗಳಾಗಿ ಹರಿದರೆ ಸುಮಾರು 15 ಪಟ್ಟಿ ಬರುತ್ತವೆ. ಹಾಗಾಗಿ ಒಂದು ಮನೆಯಿಂದ ಇಡೀ ಸೀರೆ ಬೇಡ, ಒಂದು ಪಟ್ಟಿ ಸಾಕು. ಬಡವರ ಮನೆಯೂ ಸ್ಥಿತಿವಂತರ ಮನೆಯೂ ಅಷ್ಟೇ ಕೊಡುತ್ತವೆ. ಎರಡು ಪಟ್ಟಿ ಜೋಡಿಸಿದರೆ ಹತ್ತು ಮೀಟರಿನ ಎಳೆ. ಮೂರು ಎಳೆಗೆ ಆರು ಪಟ್ಟಿ, ಆರು ಮನೆ. ಹೊಸೆದಾಗ ಉದ್ದ ಕಾಲುಭಾಗಕ್ಕಿಂತ ಹೆಚ್ಚು ಕುಗ್ಗಿ ಏಳು ಮೀಟರ್ ಆಸುಪಾಸಿನ ಹಗ್ಗ ಸಿಗುತ್ತದೆ. ಆರು ಪಾಲು ಮಾಡಿದರೆ ಮನೆಗೆ ಎರಡು ಮೊಳಕ್ಕೆ ಮೋಸವಿಲ್ಲ.

ಪಟ್ಟಿ ಜೋಡಿಸಲು ಹೊಲಿಗೆ ಬೇಡ. ಎರಡೂ ಪಟ್ಟಿಯ ತುದಿಯಲ್ಲಿ ಒಂದೊಂದು ಸೀಳು ಹಾಕಿ. ಎರಡನೇ ಪಟ್ಟಿಯ ಸೀಳು ತುದಿಯನ್ನು ಮೊದಲನೆಯದರ ಸೀಳಿನೊಳಗೆ ತೂರಿಸಿ, ಎರಡನೇ ಪಟ್ಟಿಯ ಇನ್ನೊಂದು ತುದಿಯನ್ನು ಅದರದೇ ಸೀಳಿನಲ್ಲಿ ಹಾಯಿಸಿ ಎಳೆಯಿರಿ. ಹತ್ತಿ ಬಟ್ಟೆ ನೂಲಿನ ಗುಂಟ ನೇರವಾಗಿ ಹರಿಯುತ್ತದೆ, ಜೋಡಣೆ ಚೆನ್ನಾಗಿ ಕಚ್ಚುತ್ತದೆ. ಪಾಲಿಯೆಸ್ಟರ್ ಸೀರೆಗೆ ಕತ್ತರಿ ಬೇಕು, ಗಂಟು ಜಾರುತ್ತದೆ. ಅದಕ್ಕೆ ಮೇಲೊಂದು ದಾರದ ಕಟ್ಟು ಹಾಕಿ. 'ಹತ್ತಿಯದೇ ತನ್ನಿ' ಎಂದು ಮಾತ್ರ ಹೇಳಬೇಡಿ. ಈಗ ಮನೆಗಳಲ್ಲಿ ಹೆಚ್ಚಾಗಿರುವುದು ಪಾಲಿಯೆಸ್ಟರೇ.

ನಡೆಯುವ ಬಗೆ ಹೀಗೆ. ಒಬ್ಬರು ಹಲಗೆ ಆಡಿಸುತ್ತಾರೆ. ಎದುರು ತುದಿಯಲ್ಲಿ ಒಬ್ಬರು ಹಿಡಿ ಹಿಡಿದು ನಿಲ್ಲುತ್ತಾರೆ. ಮೂರನೆಯವರು ಗೋಪುರದ ತುಂಡನ್ನು ಎಳೆಗಳ ನಡುವೆ, ಎದುರು ತುದಿಗೆ ಒತ್ತಿ ಹಿಡಿದಿರುತ್ತಾರೆ. ಎಳೆಗಳು ತಿರುಚಿ ಬಿಗಿಯಾದಂತೆ ಗಿಡ್ಡವಾಗುತ್ತವೆ, ಹಿಡಿ ಹಿಡಿದವರು ಹೆಜ್ಜೆ ಹೆಜ್ಜೆಯಾಗಿ ಮುಂದೆ ಬರಬೇಕು. ಜಗ್ಗಿ ನಿಂತರೆ ಎಳೆ ಕಿತ್ತುಹೋಗುತ್ತದೆ. ಅತಿಯಾಗಿ ಸಡಿಲ ಬಿಟ್ಟರೆ ಸುರುಳಿಸುರುಳಿ ಸಿಕ್ಕಾಗುತ್ತದೆ. ಎಷ್ಟು ಬಿಗಿ, ಎಷ್ಟು ಸಡಿಲ ಎನ್ನುವುದು ಮೂವರೂ ಕಣ್ಣಲ್ಲೇ ಮಾತಾಡಿಕೊಂಡು ಕಂಡುಕೊಳ್ಳಬೇಕಾದ ವಿಷಯ. ಸಾಕಷ್ಟು ತಿರುವಾದ ಮೇಲೆ ನಡುವಿನವರು ತುಂಡನ್ನು ನಿಧಾನವಾಗಿ ಹಲಗೆಯ ಕಡೆಗೆ ಜರುಗಿಸುತ್ತಾರೆ. ಅವರ ಹಿಂದೆ ಹಗ್ಗ ತಾನಾಗಿ ಹೆಣೆದುಕೊಳ್ಳುತ್ತ ಬರುತ್ತದೆ. ಮೊದಲ ಸಲ ಇದನ್ನು ಕಂಡ ಯಾವ ಮಗುವೂ ಸುಮ್ಮನಿರುವುದಿಲ್ಲ.

ಈ ಮೂರು ಕೆಲಸ ಮಾಡಲಾಗದವರೂ ಬರುತ್ತಾರೆ. ಮಂಡಿ ನೋವಿನ ಅಜ್ಜಿ ಕೂತು ಬಟ್ಟೆ ಹರಿಯಲಿ. ಒಂದು ಸಲ ಹಗ್ಗ ಮುಗಿದ ಮೇಲೆ ಹಿಡಿ ಹಿಡಿದವರು ಹಲಗೆಗೆ, ಹಲಗೆಯವರು ನಡುವಿಗೆ, ನಡುವಿನವರು ಹೊರಗೆ. ಹೊಸಬರು ಯಾವಾಗಲೂ ಹಿಡಿಯಿಂದ ಶುರು. ಹೀಗೆ ಮಾಡಿದರೆ ಪ್ರತಿ ಸಲವೂ ಇಬ್ಬರಿಗೆ ಕೆಲಸ ಗೊತ್ತಿರುತ್ತದೆ, ಒಬ್ಬರಿಗೆ ಅವರು ಕಲಿಸುತ್ತಾರೆ, ಸ್ವಯಂಸೇವಕರು ದೂರ ನಿಲ್ಲಬಹುದು. ಸರದಿಯ ಈ ಸುತ್ತು ಇಲ್ಲದಿದ್ದರೆ ಇದು ಬರೀ ಹಗ್ಗ ಹೊಸೆಯುವ ಪ್ರಾತ್ಯಕ್ಷಿಕೆಯಾಗಿ ಉಳಿಯುತ್ತದೆ.

ಮುಗಿದ ಹಗ್ಗಗಳನ್ನು ಎಲ್ಲಿಯೂ ತೂಗುಹಾಕಬೇಡಿ. ಸಿಂಬೆ ಸುತ್ತಿದಂತೆ ನೆಲದ ಮೇಲೆ ಸುತ್ತಿ ಮಣೆಗಳಾಗಿ ಇಡಿ. ಮುಂದಿನ ಸರದಿಗೆ ಕಾಯುವವರು ಹಿಂದಿನವರು ಹೊಸೆದದ್ದರ ಮೇಲೆ ಕೂತಿರುತ್ತಾರೆ. ಕೂತವರು ಬಣ್ಣ ಗುರುತು ಹಿಡಿಯುತ್ತಾರೆ: "ಇದು ನಮ್ಮ ಸುಧಾ ಮದುವೇಲಿ ಉಟ್ಟಿದ್ದು" ಎಂಬಂಥ ಮಾತು ತಾನಾಗಿ ಬರುತ್ತದೆ. ಆ ಮಾತುಗಳಿಗೆ ಜಾಗ ಮಾಡಿಕೊಡುವುದೇ ನಿಮ್ಮ ಕೆಲಸ, ಅವನ್ನು ರೆಕಾರ್ಡ್ ಮಾಡುವುದಲ್ಲ.

ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಮೇಲಿನ ಬೀದಿಗೆ ಒಂದು ಎಳೆ, ಕೇರಿಗೆ ಒಂದು ಎಳೆ, ಕಾಲೋನಿಗೆ ಒಂದು ಎಳೆ, ಮೂರೂ ಸೇರಿ ಹಗ್ಗ ಎಂಬ ಸಲಹೆ ಖಂಡಿತ ಬರುತ್ತದೆ. ನೋಡಲು ಚೆನ್ನ, ಭಾಷಣಕ್ಕೂ ಚೆನ್ನ. ಆದರೆ ಅದು ಬೇರ್ಪಾಡನ್ನು ಹಾಗೇ ಉಳಿಸಿ ಅದಕ್ಕೆ ಬಣ್ಣ ಬಳಿಯುತ್ತದೆ. ಪಟ್ಟಿಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿ, ನೋಡದೆ ತೆಗೆದು, ಬಂದ ಕ್ರಮದಲ್ಲೇ ಜೋಡಿಸಿ. ತಮ್ಮ ಬಟ್ಟೆ ಯಾರ ಬಟ್ಟೆಯ ಜೊತೆ ಸೇರೀತು ಎಂದು ಹಿಂಜರಿಯುವವರು ಇರಬಹುದು. ಆ ಹಿಂಜರಿಕೆ ಎದುರಾದಲ್ಲೇ ಕಲಾಕೃತಿ ತನ್ನ ನಿಜವಾದ ಕೆಲಸ ಮಾಡುತ್ತಿದೆ. ಜಗಳಕ್ಕೆ ಇಳಿಯಬೇಡಿ, ನಿಯಮವನ್ನೂ ಸಡಿಲಿಸಬೇಡಿ.

ಎಲ್ಲಿ, ಯಾವಾಗ

ಸಂಕ್ರಾಂತಿ ಕಳೆದ ಮೇಲೆ, ಬೇಸಾಯದ ಕೆಲಸ ಹಗುರವಾದಾಗ ಇಟ್ಟುಕೊಳ್ಳಿ. ಗುಂಡ್ಲುಪೇಟೆ ಸುತ್ತ ಸೂರ್ಯಕಾಂತಿ, ಚೆಂಡು ಹೂ ಅರಳುವ ತಿಂಗಳುಗಳಲ್ಲಿ ಪ್ರವಾಸಿಗಳು ಹೆಚ್ಚು ಎಂಬ ಆಸೆಗೆ ಬೀಳಬೇಡಿ. ಆಗ ಊರವರ ಕೈ ತುಂಬ ಕೆಲಸ, ನಿಮ್ಮ ಸಾಲಿನಲ್ಲಿ ಹೊರಗಿನವರೇ ನಿಂತಿರುತ್ತಾರೆ.

ಜಾಗ: ಶಾಲೆಯ ಮೈದಾನ, ಸಮುದಾಯ ಭವನದ ಅಂಗಳ, ಅರಳಿಕಟ್ಟೆಯ ನೆರಳು. ಎಲ್ಲ ಬೀದಿಯವರೂ ಅಡ್ಡಿಯಿಲ್ಲದೆ ಕಾಲಿಡುವ ಜಾಗವೇ ಎಂದು ಮೊದಲು ವಿಚಾರಿಸಿ. ದೇವಸ್ಥಾನದ ಆವರಣ ಕೆಲವು ಊರಲ್ಲಿ ಸರಿ, ಕೆಲವು ಊರಲ್ಲಿ ಅಲ್ಲ. ಗ್ರಾಮ ಪಂಚಾಯಿತಿಯ ಒಪ್ಪಿಗೆ ಪತ್ರ ಇರಲಿ. ಮೈಕ್ ಇದ್ದರೆ ಪೊಲೀಸ್ ಅನುಮತಿ, ವಿದ್ಯುತ್ ಬೇಕಿದ್ದರೆ ಸೆಸ್ಕ್‌ನ ತಾತ್ಕಾಲಿಕ ಸಂಪರ್ಕ. ಹಗ್ಗಕ್ಕಂತೂ ಎರಡೂ ಬೇಡ.

ಬೆಳಕಿರುವಾಗಲೇ ಮುಗಿಸಿ. 2009ರಿಂದ ಮದ್ದೂರಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧ ಇದೆ. ಅದಕ್ಕಿಂತ ಮುಖ್ಯವಾಗಿ, ಕಾಡಂಚಿನಲ್ಲಿ ಕತ್ತಲಾದ ಮೇಲೆ ಮಕ್ಕಳು, ಮುದುಕರು ನಡೆದು ಮನೆಗೆ ಹೋಗುವಂತಾಗಬಾರದು. ಆನೆಯೂ ಇಲ್ಲಿನ ಕೂಡುಬಾಳ್ವೆಯಲ್ಲಿ ಪಾಲುದಾರ, ಅದರ ಹೊತ್ತನ್ನು ಅದಕ್ಕೆ ಬಿಟ್ಟುಕೊಡಿ. ಅಟ್ಟಣೆಯ ಕಾವಲನ್ನು ಪರಿಕಲ್ಪನೆಯಾಗಿ ಆರಿಸುವವರೂ ಇದನ್ನು ಮರೆಯಬಾರದು. ಹಗಲಿನಲ್ಲಿ, ಶಾಲೆಯ ಅಂಗಳದಲ್ಲಿ, ಒಂದು ಅಟ್ಟಣೆಯಿಂದ ಇನ್ನೊಂದಕ್ಕೆ ಕೂಗು ದಾಟಿಸುವ ಆಟವಾಗಿ ಅದು ಚೆನ್ನಾಗಿ ಕೂಡುತ್ತದೆ.

ಎಚ್ಚರಿಕೆಗಳು

ಆದಿವಾಸಿ ಕಾಲೋನಿಯವರನ್ನು ಸೇರಿಸಿಕೊಳ್ಳುವುದಾದರೆ ಪರಿಕಲ್ಪನೆಯ ಹಂತದಲ್ಲೇ ಹೋಗಿ ಯಜಮಾನರ ಜೊತೆ ಕೂತು ಮಾತಾಡಿ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಕಾಡೊಳಗಿದ್ದ ಹಾಡಿಗಳು ಅಂಚಿಗೆ ಬಂದವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದು 2011ರಲ್ಲಿ. ಕೂಡಿ ಬಾಳುವುದು ಅವರಿಗೆ ನೆಲದ ಮತ್ತು ಹಕ್ಕಿನ ಪ್ರಶ್ನೆ. ಉದ್ಘಾಟನೆಗೆ ಕುಣಿಸಲು ಮಾತ್ರ ಕರೆಯುವುದು ಅವಮಾನ. ಅವರು 'ಬೇಡ' ಎಂದರೆ ಅದೂ ಒಂದು ಉತ್ತರ, ಒಪ್ಪಿಕೊಳ್ಳಿ.

ಹಗ್ಗ ಕಂಡ ಕೂಡಲೇ ಹುಡುಗರು ಹಗ್ಗಜಗ್ಗಾಟ ಶುರುಮಾಡುತ್ತಾರೆ. ಬೈಯುವ ಬದಲು ಪಕ್ಕದಲ್ಲಿ ಬೇರೆ ಗಟ್ಟಿ ಹಗ್ಗವೊಂದನ್ನು ಆಟಕ್ಕೇ ಇಡಿ. ಬಟ್ಟೆಯ ಹಗ್ಗ ದನ ಕಟ್ಟಲು, ಉಯ್ಯಾಲೆಗೆ, ಭಾರ ಎತ್ತಲು ತಕ್ಕದ್ದಲ್ಲ ಎಂದು ಪಾಲು ಕೊಡುವಾಗ ಬಾಯಿಬಿಟ್ಟು ಹೇಳಿ. ಎಳೆಗಳು ಚಿಕ್ಕ ಮಕ್ಕಳ ಕೊರಳಿನ ಎತ್ತರದಲ್ಲಿ ಬಿಗಿದಿರಬಾರದು, ಹಲಗೆಯನ್ನು ಅದಕ್ಕಿಂತ ಕೆಳಗೆ ಕೂರಿಸಿ, ಎರಡೂ ಬದಿಗೆ ಓಡಾಡದಂತೆ ಗೆರೆ ಹಾಕಿ. ಕೊಕ್ಕೆ ತಿರುಗುವಾಗ ಸೆರಗು, ಜಡೆ, ಬೆರಳು ದೂರ. ಸಂಜೆ ಎಲ್ಲವನ್ನೂ ಒಳಗಿಟ್ಟು ಬೀಗ ಹಾಕಿ. ಫೆಬ್ರವರಿ, ಮಾರ್ಚ್ ಕಾಡುಕಿಚ್ಚಿನ ಕಾಲ, ಹತ್ತಿರದಲ್ಲಿ ಬೆಂಕಿ, ಪಟಾಕಿ, ಬೀಡಿ ಯಾವುದೂ ಬೇಡ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಒಂದೇ ಕಲಾಕೃತಿಯಲ್ಲಿ ಐದು ಚಟುವಟಿಕೆ ತುರುಕುವುದು. ಜನ ಎಲ್ಲವನ್ನೂ ಮುಟ್ಟಿ ಯಾವುದರಲ್ಲೂ ನಿಲ್ಲದೆ ಹೋಗುತ್ತಾರೆ.

ಸೆನ್ಸಾರ್, ಪ್ರೊಜೆಕ್ಟರ್, ಕ್ಯುಆರ್ ಕೋಡ್ ಇದ್ದರೇ ಆಧುನಿಕ ಎಂದುಕೊಳ್ಳುವುದು. ಕರೆಂಟು ಹೋದರೆ ಕಲಾಕೃತಿಯೂ ಹೋಗುತ್ತದೆ, ಮೊಬೈಲ್ ಇಲ್ಲದವರು ಹೊರಗೇ ಉಳಿಯುತ್ತಾರೆ.

ಉದ್ದುದ್ದ ಫಲಕ. ಮೂರು ಸಾಲು ಸಾಕು: ಏನು ಮಾಡಬೇಕು, ಹೊಸಬರು ಎಲ್ಲಿಂದ ಶುರು, ಪಾಲು ಯಾವಾಗ.

ಗಣ್ಯರು ಒಂದು ಎಳೆ ಮುಟ್ಟಿ ಫೋಟೊ ತೆಗೆಸಿಕೊಳ್ಳುವ ಉದ್ಘಾಟನೆ. ಬೇಕೇಬೇಕು ಎಂದಾದರೆ ಅವರೂ ಹಿಡಿಯಿಂದ ಶುರುಮಾಡಿ ಮೂರು ಸರದಿ ಮುಗಿಸಲಿ.

ಬರೀ ಸಿಹಿಯನ್ನೇ ತೋರಿಸುವುದು. ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಎಳೆ ಕಿತ್ತುಹೋದ ಜಾಗ, ಗಂಟು ಹಾಕಿ ಸರಿಪಡಿಸಿದ ಜಾಗ ಹಗ್ಗದಲ್ಲಿ ಕಾಣಲಿ. ಒಳಗೆ ಸೇರಿಸಿ ಮುಚ್ಚಬೇಡಿ.

ಹಣ ಮತ್ತು ನೆರವು

ಹಗ್ಗದ ಯೋಜನೆಗೆ ಹಲಗೆ, ಸರಳು, ವೆಲ್ಡಿಂಗ್ ಬಿಟ್ಟರೆ ಖರ್ಚಿಲ್ಲ. ದೊಡ್ಡದಾಗಿ ಮಾಡುವುದಿದ್ದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲೂ ಕರ್ನಾಟಕ ಲಲಿತಕಲಾ ಅಕಾಡೆಮಿಯಲ್ಲೂ ವಿಚಾರಿಸಿ. 1993ರಲ್ಲಿ ಶುರುವಾದ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 'ಕಲಿ-ಕಲಿಸು' ಎಂಬ ಕಾರ್ಯಕ್ರಮದಡಿ ಸರ್ಕಾರಿ ಶಾಲೆಯ ಶಿಕ್ಷಕರ ಕಲಾ ಯೋಜನೆಗಳಿಗೆ ನೆರವು ಕೊಡುತ್ತ ಬಂದಿದೆ. ನೀವು ಶಿಕ್ಷಕರಾಗಿದ್ದರೆ ಕೇಳಿ ನೋಡಿ. ಅರ್ಜಿಯಲ್ಲಿ 'ಸಾಮರಸ್ಯ' ಎಂಬಂಥ ದೊಡ್ಡ ಮಾತುಗಳ ಬದಲು ನಾಲ್ಕನೇ ಹಂತದ ಆ ನಾಲ್ಕು ವಾಕ್ಯ ಬರೆಯಿರಿ. ಮೈಸೂರಿನ ಕಾವಾದಂಥ ಕಲಾಶಾಲೆಯ ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಳ್ಳಬಹುದು, ಆದರೆ ಪರಿಕಲ್ಪನೆ ಊರಲ್ಲಿ ಹುಟ್ಟಿದ ಮೇಲೆ.

ಕೊನೆಯ ದಿನದ ಪಾಲು

ಪಾಲು ಮಾಡುವ ದಿನವನ್ನು ಮೊದಲೇ ಸಾರಿಬಿಡಿ, ಅಂದು ಪಟ್ಟಿ ಕೊಟ್ಟ ಪ್ರತಿ ಮನೆಯಿಂದ ಒಬ್ಬರಾದರೂ ಬರಲಿ. ಹಗ್ಗವನ್ನು ಹಾಗೇ ಕತ್ತರಿಸಿದರೆ ತಿರುವು ಬಿಚ್ಚಿಕೊಂಡು ಎಳೆಗಳು ಚೆಲ್ಲಾಪಿಲ್ಲಿಯಾಗುತ್ತವೆ. ಕತ್ತರಿಸುವ ಜಾಗದ ಎರಡೂ ಬದಿಗೆ ದಾರದಿಂದ ಬಿಗಿಯಾಗಿ ಹತ್ತು ಸುತ್ತು ಕಟ್ಟಿ, ಆಮೇಲೆ ನಡುವೆ ಕತ್ತರಿ ಹಾಕಿ. ಅಳತೆ ಮೊಳದಲ್ಲೇ ಇರಲಿ. ಯಾರ ಮೊಳ ಎಂಬ ಮಾತು ಏಳುತ್ತದೆ, ಏಳಲಿ. ಊರವರೇ ಒಬ್ಬರ ಕೈಯನ್ನು ಅಳತೆಗೆ ಒಪ್ಪಿಕೊಳ್ಳಲಿ. ಯಾವ ತುಂಡು ಯಾರಿಗೆ ಎಂಬುದು ಚೀಟಿ ಎತ್ತಿ ತೀರ್ಮಾನವಾಗಲಿ, ತಮ್ಮ ಬಟ್ಟೆ ಇರುವ ತುಂಡೇ ಬೇಕು ಎನ್ನುವಂತಿಲ್ಲ. ಬಾರದ ಮನೆಯ ಪಾಲನ್ನು ಪಕ್ಕದ ಮನೆಯವರು ಸಹಿ ಹಾಕಿ ಒಯ್ಯಲಿ.

ಹಲಗೆ, ಕೊಕ್ಕೆ, ಗೋಪುರದ ತುಂಡು, ಜೊತೆಗೆ ಎರಡನೇ ಹಂತದಲ್ಲಿ ಜನ ಹೇಳಿದ ಸರದಿಯ ನಿಯಮಗಳನ್ನು ಬರೆದಿಟ್ಟ ಪುಸ್ತಕ, ಇವನ್ನು, ನಿಯಮ ಹೇಳಿದವರ ಒಪ್ಪಿಗೆ ಪಡೆದು, ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರಕ್ಕೆ ಒಪ್ಪಿಸಿ, ರಸೀದಿ ಪಡೆಯಿರಿ. ಹೊಸೆಯಲು ಬಲ್ಲ ಇಬ್ಬರು ಹಿರಿಯರ ಹೆಸರನ್ನು ಅವರನ್ನು ಕೇಳಿ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಿ. ಮುಂದಿನ ವರ್ಷ ಬೇರೆ ಊರಿನವರು ಹಲಗೆ ಕೇಳಿಕೊಂಡು ಬಂದರೆ ಮೊದಲು ಅವರನ್ನು ಕಾಣಬೇಕು.